ಭಂಡಾರ ಹಚ್ಚಿಕೊಂಡ್ಯಾ?

ಚರಣಾ, ಹಾಸಿನೀ, ನೀವಿಬ್ಬರೂ ದೊಡ್ಡವರಾಗಿ, ಕನ್ನಡ ಅಕ್ಷರ ಕಲಿತು ಇದನ್ನು ಓದಬೇಕು. ನಿಮ್ಮ ಶಾಲೆಯಲ್ಲಿ ತೆಲುಗು ಇದೆ, ಇಂಗ್ಲಿಷ್ ಇದೆ, ಕನ್ನಡ ಇಲ್ಲ. ನಾನು ಕೃಷ್ಣಾ ಹೊಳೆಯ ದಂಡೆಯ ಊರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿದವಳು. ಬರೆಯಲು ಬರುವುದು ಅದೊಂದೇ. ಅದೂ ಒಳ್ಳೆಯದಾಯಿತು. ನಾರಾಯಣಪೇಟೆಯ ಈ ಓಣಿಯಲ್ಲಿ ಕನ್ನಡ ಮಾತಾಡುವವರು ಬಹಳ, ಓದುವವರು ಇಲ್ಲ. ಮಂದಿಯ ಮನೆಯ ಕಾಗದದಲ್ಲಿ ಮೂಗು ತೂರಿಸುವವರಿಗೆ ಇದು ದಕ್ಕುವುದಿಲ್ಲ.

ಹೋದ ವಾರ ಹಾಸಿನಿ ಹಿಟ್ಟಿನ ಡಬ್ಬಿಯ ಮೇಲೆ ಹತ್ತಿ, ಗೂಟಕ್ಕೆ ತೂಗಿದ್ದ ಕರಿ ಕಂಬಳಿಯ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದಳು. ಕೈ ಹಳದಿಯಾಗಿ ಹೊರಬಂತು. ಮೂಸಿ ನೋಡಿ, "ಅಜ್ಜೀ, ಇದ್ರಾಗ ದವಾಖಾನಿ ವಾಸನಿ ಐತಿ" ಅಂದಳು. ರೊಟ್ಟಿ ಬಡಿಯುತ್ತಿದ್ದ ನಿಮ್ಮ ಅವ್ವ ಮಂಜುಳ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಹನ್ನೊಂದು ವರ್ಷವಾದರೂ ಆ ವಾಸನೆ ಹೋಗಿಲ್ಲ. ಹಳೆಯ ಅರಿಶಿನ, ಕುರಿಯ ಉಣ್ಣೆ, ಅದರ ಅಡಿಯಲ್ಲಿ ಗೋಳಿಯ, ಎಂದರೆ ಔಷಧದ ಗುಳಿಗೆಯ, ಕಹಿ.

"ಬರದ್ ಇಡವ್ವ," ಅಂದಳು ಮಂಜುಳ. "ಹೆಂಗಿದ್ರೂ ಒಂದಿನ ಹೇಳಾಕ ಬೇಕು. ನನ್ ಹೆಸರೇನ್ ಮುಚ್ಚಬ್ಯಾಡ."

ಅದಕ್ಕೇ ಬರೆಯುತ್ತಿದ್ದೇನೆ. ತೆಲಂಗಾಣ ಬೇರೆ ರಾಜ್ಯವಾದ ವರ್ಷದ ಮಾತು ಇದು.

ನಿಮ್ಮ ತಾತ ಪುಣೆಯ ಕಡೆ ಮಣ್ಣಿನ ಕೆಲಸಕ್ಕೆ ಹೋಗುತ್ತಿದ್ದ. ಬರುವಾಗ ಒಂದು ರೇಡಿಯೋ, ಎರಡು ಸ್ಟೀಲಿನ ಕೊಡ, ಮತ್ತೆ ಎಚ್‌ಐವಿ ತಂದ. ರೇಡಿಯೋ ವರ್ಷದೊಳಗೆ ಕೆಟ್ಟಿತು. ಕೊಡ ಇನ್ನೂ ಇವೆ, ಅವುಗಳಲ್ಲೇ ನೀವು ನೀರು ಕುಡಿಯುತ್ತೀರಿ. ಮೂರನೆಯದು ನನಗೆ ಬಂತು, ನನ್ನಿಂದ ಹುಟ್ಟುವಾಗಲೇ ಮಂಜುಳಳಿಗೆ ಬಂತು. ಅವನು ಸತ್ತಾಗ ಕಾಮಾಲೆ ಎಂದು ಊರಿಗೆ ಹೇಳಿದೆವು. ಊರು ನಂಬಿದ ಹಾಗೆ ಮಾಡಿತು. ಸತ್ತವನ ಬಗ್ಗೆ ಕೆಟ್ಟದ್ದು ಬರೆಯಬಾರದು ಎನ್ನುತ್ತಾರೆ. ಬದುಕಿದ್ದಾಗ ಒಳ್ಳೆಯದೇನಾದರೂ ಮಾಡಿದ್ದರೆ ಅದನ್ನು ಬರೆಯುತ್ತಿದ್ದೆ.

ಮಕ್ತಲದ ಹತ್ತಿರ, ನಿಮ್ಮ ತಾತನ ಊರಿನಲ್ಲಿ ನಮ್ಮದು ಕುರಿ ಕಾಯುವವರ ಮನೆ, ಬೀರಪ್ಪನ ಒಕ್ಕಲು. ಮನೆಯ ಯಜಮಾನಿಕೆ ನಿಮ್ಮ ತಾತನ ಅಕ್ಕ ಈರಮ್ಮನದು. ಗಂಡ ಬಿಟ್ಟು ಬಂದವಳು, ತವರಿಗೆ ದೇವರ ಹಾಗೆ ವಕ್ಕರಿಸಿದವಳು. ಅಕ್ಕಿಯ ಡಬ್ಬಿ, ನನ್ನ ಟ್ರಂಕು, ಮಂಜುಳಳ ಪುಸ್ತಕದ ಚೀಲ, ಎಲ್ಲಕ್ಕೂ ಕೈ ಹಾಕುತ್ತಿದ್ದಳು. ಅವಳು ಕೈ ಹಾಕದ ಜಾಗ ಆ ಮನೆಯಲ್ಲಿ ಒಂದೇ ಇತ್ತು: ದೇವರ ಮೂಲೆಯಲ್ಲಿ ತೂಗಿದ್ದ ನಿಮ್ಮ ತಾತನ ಭಂಡಾರದ ಚೀಲ. ದೇವರ ಅರಿಶಿನ ಪುಡಿ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಅದು. ಗಂಡಸು ಸತ್ತು, ಅದನ್ನು ಕಟ್ಟುವ ಮಗನಿಲ್ಲದಿದ್ದರೆ ಹಾಗೇ ತೂಗುಹಾಕುತ್ತಾರೆ. ಹೆಂಡತಿ, ಮಗಳು ಮಾತ್ರ ದಿನಾ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಳ್ಳಬಹುದು. ಬೇರೆಯವರು ಮುಟ್ಟಿದರೆ ಸತ್ತವನು ಕನಸಿನಲ್ಲಿ ಬರುತ್ತಾನಂತೆ. ಈರಮ್ಮ ತಮ್ಮನಿಗೆ ಬದುಕಿದ್ದಾಗ ಹೆದರಲಿಲ್ಲ, ಸತ್ತ ಮೇಲೆ ಹೆದರಿದಳು.

ನಮ್ಮಿಬ್ಬರ ಗೋಳಿಯ ಬಾಟಲಿಗಳನ್ನು ನಾನು ಆ ಚೀಲದಲ್ಲಿಟ್ಟೆ. ಚೀಟಿ ಕಿತ್ತು, ಅಲ್ಲಾಡಿಸಿದರೆ ಸದ್ದಾಗದ ಹಾಗೆ ಬಾಯಿಗೆ ಹತ್ತಿ ತುರುಕಿ, ಪುಡಿಯೊಳಗೆ ಹೂತಿಟ್ಟೆ. ಆಗ ದಿನಕ್ಕೆ ಎರಡು ಸಲ ನುಂಗಬೇಕಿತ್ತು. ಬೆಳಿಗ್ಗೆ ಹಾಲಿನ ಗಾಡಿ ಬಂದಾಗ ಒಂದು, ಸಂಜೆ ನಾರಾಯಣಪೇಟೆಯ ಬಸ್ಸು ಬಂದಾಗ ಒಂದು. ದೇವರ ಕಡೆ ತಿರುಗಿ, ಹಣೆಗೆ ಹಳದಿ ಇಟ್ಟುಕೊಂಡು, ಅದೇ ಕೈಯಲ್ಲಿ ಗೋಳಿ ಬಾಯಿಗೆ ಹಾಕಿಕೊಳ್ಳುವುದು. ಈರಮ್ಮನ ಎದುರಿಗೇ ಕೇಳುತ್ತಿದ್ದೆ, "ಮಂಜೀ, ಭಂಡಾರ ಹಚ್ಚಿಕೊಂಡ್ಯಾ?"

"ಹಚ್ಚಿಕೊಂಡೆ ಅವ್ವಾ."

"ತಂದಿಗಿ ಇರದ ಭಕ್ತಿ ಮಗಳಿಗಿ ಐತಿ," ಎಂದು ಈರಮ್ಮ ಹೊಗಳುತ್ತಿದ್ದಳು. ನನಗೆ ಒಳಗೊಳಗೇ ನಗು. ಬಹಳ ಜಾಣೆ ಎಂದುಕೊಂಡಿದ್ದೆ ನನ್ನನ್ನು ನಾನು. ಆ ಜಾಣತನದ ಮೇಲೆ ಈಗ ಉಗುಳಬೇಕೆನಿಸುತ್ತದೆ.

ಆ ಜೂನಿನಲ್ಲಿ ಹೊಸ ರಾಜ್ಯ ಬಂತು. ಸರಪಂಚನ ತಮ್ಮ ಟ್ರ್ಯಾಕ್ಟರಿನ ಮೇಲೆ ನಿಂತು ಪಟಾಕಿ ಹೊಡೆಸಿ, "ಇನ್ನ ಮ್ಯಾಲ ನಮ್ ನೀರು ನಮಗ, ನಮ್ ನೌಕರಿ ನಮಗ" ಎಂದು ಕೂಗಿದ. ಅವನು ತನ್ನ ಜೀವಮಾನದಲ್ಲಿ ನೌಕರಿ ಕೇಳಿದವನಲ್ಲ, ನೀರು ಸೇದಿದವನಂತೂ ಅಲ್ಲವೇ ಅಲ್ಲ. ಎಲ್ಲರಿಗೂ ಲಾಡು ಹಂಚಿದ. ಮಂಜುಳ ತನ್ನ ಲಾಡನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಬಾಯಿ ತುಂಬ ಹುಣ್ಣು. ಹದಿನೈದು ವರ್ಷದವಳು, ಎರಡು ತಿಂಗಳಲ್ಲಿ ಲಂಗದ ದಾರ ಎರಡು ಸಲ ಬಿಗಿ ಮಾಡಿಕೊಂಡಿದ್ದಳು. ಸಂಜೆಗೆ ಜ್ವರ.

ನಾವು ಹೋಗುತ್ತಿದ್ದ ದವಾಖಾನೆ ಯಾವ ಊರಿನದು ಎಂದು ಬರೆಯುವುದಿಲ್ಲ. ಊರಿನವರ ಕಣ್ಣು ತಪ್ಪಿಸಲು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆವು, ಅಷ್ಟು ಸಾಕು. ಅಲ್ಲಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಅಪ್ಪ, ಅಮ್ಮ, ಮಗಳು ಮೇಜಿನ ಮುಂದೆ ಕೂತು ನಗುತ್ತಾ ಗೋಳಿ ನುಂಗುತ್ತಿದ್ದಾರೆ, ಹಿಂದೆ ದೊಡ್ಡ ಗಡಿಯಾರ. ನಮ್ಮ ಮನೆಯಲ್ಲಿ ಮೇಜಿರಲಿಲ್ಲ, ಗಡಿಯಾರವಿರಲಿಲ್ಲ, ಅಪ್ಪನಿರಲಿಲ್ಲ. ನಗಬೇಕಾದರೆ ಈರಮ್ಮ ಹೊಲಕ್ಕೆ ಹೋಗಬೇಕಿತ್ತು. ಆ ಚಿತ್ರ ಬರೆದವನು ಗೋಳಿ ನುಂಗುವವರನ್ನು ಕಣ್ಣಿನಿಂದ ನೋಡಿರಲಿಕ್ಕಿಲ್ಲ.

ಅಲ್ಲಿನ ಸಲಹೆಗಾರ ಹೈದರಾಬಾದಿನಲ್ಲಿ ಬೆಳೆದವನು, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಪೆನ್ನು. ತಿಂಗಳಿಗೊಮ್ಮೆ ಬಾಟಲಿ ಸುರುವಿ ಉಳಿದ ಗೋಳಿ ಎಣಿಸುತ್ತಿದ್ದ. ಒಮ್ಮೆ ಒಬ್ಬ ಹೆಂಗಸಿನ ಬಾಟಲಿಯಲ್ಲಿ ಎರಡು ಹೆಚ್ಚು ಉಳಿದಿದ್ದಕ್ಕೆ ಅವಳನ್ನು ಸಾಲಿನಿಂದ ಆಚೆ ನಿಲ್ಲಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದ. ಮಂಜುಳಳ ಎಣಿಕೆ ಮಾತ್ರ ಸದಾ ಸರಿ. "ನೂರಕ್ಕೆ ನೂರು" ಎಂದು ಸಾಲಿನಲ್ಲಿದ್ದವರಿಂದ ಚಪ್ಪಾಳೆ ಹೊಡೆಸುತ್ತಿದ್ದ. ಅವನ ಜೊತೆ ನಾನೂ ಹೊಡೆದಿದ್ದೇನೆ.

ಆ ಜೂನಿನಲ್ಲಿ ಇಬ್ಬರ ರಕ್ತವನ್ನೂ ನೋಡಿದರು. ರೋಗದ ಜೊತೆ ಹೊಡೆದಾಡುವ ಕಣಗಳ ಲೆಕ್ಕ ನನ್ನದು ಏರಿತ್ತು, ಅವಳದು ಬಿದ್ದಿತ್ತು. ಡಾಕ್ಟರಮ್ಮ, ರೋಗದ ಹುಳ ಎಷ್ಟಿವೆ ಎಂದು ಎಣಿಸುವ ಇನ್ನೊಂದು ದೊಡ್ಡ ಪರೀಕ್ಷೆಗೆ ರಕ್ತ ಕಳಿಸಿದರು. ಅದು ಬಂದ ದಿನ ನನ್ನೊಬ್ಬಳನ್ನೇ ಒಳಗೆ ಕರೆದು ಕೂರಿಸಿದರು. ಇಬ್ಬರಿಗೂ ಒಂದೇ ಔಷಧ, ನಿನಗೆ ಕೆಲಸ ಮಾಡಿದೆ, ಅವಳಿಗೆ ಮಾಡುತ್ತಿಲ್ಲ. ನಡುನಡುವೆ ಬಿಟ್ಟರೆ ಒಳಗಿನ ರೋಗ ಔಷಧವನ್ನು ಕಲಿತುಬಿಡುತ್ತದೆ, ಆಮೇಲೆ ಹೆದರುವುದಿಲ್ಲ. ಬೇರೆ ಔಷಧಕ್ಕೆ ಬದಲಿಸಬೇಕಾಗುತ್ತದೆ. "ಆದ್ರ ಅದನ್ನೂ ಹಿಂಗೇ ಬಿಟ್ರ, ಅದರ ಮ್ಯಾಲ ಕೊಡಾಕ ನನ್ನ ಹತ್ರ ಇನ್ನೊಂದಿಲ್ಲವ್ವ," ಅಂದರು. ಅವರು ರಾಯಚೂರು ಕಡೆಯವರು, ನಮ್ಮ ಮಾತು ಬರುತ್ತಿತ್ತು. "ಎಲ್ಲಿ ತಪ್ಪೇತಿ ಹುಡುಕು. ಕಾರಣ ಗೊತ್ತಾಗದ ನಾ ಬದಲಿಸೂದಿಲ್ಲ."

ಹೊರಗೆ ಸಾಲಿನಲ್ಲಿ ಒಬ್ಬ ಮುದುಕ ತಮಾಷೆ ಮಾಡುತ್ತಿದ್ದ. "ರಾಜ್ಯ ಒಡದಾರ, ಇನ್ನ ಗೋಳಿನೂ ಪಾಲು ಮಾಡ್ತಾರ ನೋಡ್ರಿ. ಆ ಕಡಿಗಿ ಬಿಳಿವು, ಈ ಕಡಿಗಿ ಕೆಂಪು." ಎಲ್ಲರೂ ನಕ್ಕರು. ನಾನು ಮಂಜುಳಳ ರಟ್ಟೆ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಎಳೆದುಕೊಂಡು ಹೋದೆ.

"ಒಗೀತಿ ಏನ ಗೋಳಿ?"

"ಇಲ್ಲವ್ವ."

"ಮತ್ತ ನಿಂದೇ ಯಾಕ ಕೆಡ್ತು?"

ದಾರಿಯಲ್ಲಿ ಬಸ್ಸು ಬದಲಿಸುವಾಗ, ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ, ಹತ್ತು ಜನ ನೋಡುವಾಗ, ಹೊಡೆದೆ. ಅದಕ್ಕೆ ನನಗೆ ನಾಚಿಕೆಯಾಗಲಿಲ್ಲ ಆವತ್ತು. ನೋಡಿ, ನನ್ನ ನಾಚಿಕೆ ಎಂಥದ್ದು. ಮಗಳನ್ನು ಬೀದಿಯಲ್ಲಿ ಹೊಡೆಯಲು ಬಿಡುತ್ತದೆ, ಒಂದು ಮಾತು ಕೇಳಲು ಬಿಡುವುದಿಲ್ಲ.

ಮಳೆಗಾಲ ಹೋಯಿತು. ನಾನು ಎದುರಿಗೇ ನಿಂತು ನುಂಗಿಸಿದೆ. "ಭಂಡಾರ ಹಚ್ಚಿಕೊಂಡ್ಯಾ" ಎಂದು ಎರಡೆರಡು ಸಲ ಕೇಳಿದೆ. ಜ್ವರ ಬಿಡಲಿಲ್ಲ. ದಸರಾ ರಜೆಗೆ ಅವಳನ್ನೂ ಕರೆದುಕೊಂಡು ಗದ್ವಾಲದ ಕಡೆ ಬೀಜದ ಹತ್ತಿಯ ಕೆಲಸಕ್ಕೆ ಹೋದೆ. ಜುರಾಲ ಅಣೆಕಟ್ಟು ದಾಟಿದರೆ ಆಚೆಯೆಲ್ಲ ಅದೇ ಕೆಲಸ. ಒಂದು ಸಾಲಿನ ಗಂಡು ಹೂವನ್ನು ಕಿತ್ತು, ಇನ್ನೊಂದು ಸಾಲಿನ ಹೆಣ್ಣು ಹೂವಿಗೆ ಒಂದೊಂದಾಗಿ ಒರೆಸುವುದು. ಬೆಳಗಿನ ಬಿಸಿಲು ಏರುವುದರೊಳಗೆ ಮುಗಿಸಬೇಕು. ಬೆರಳೆಲ್ಲ ಹಳದಿ ಧೂಳು, ಅಂಟು. ಹೊಲದ ಅಂಚಿನ ಗುಡಿಸಿಲಲ್ಲಿ ನಾವಿಬ್ಬರೇ ಮಲಗುತ್ತಿದ್ದೆವು. ಭಂಡಾರದ ಚೀಲವನ್ನು ಜೊತೆಗೆ ತಂದು ಅಲ್ಲಿನ ಕಂಬಕ್ಕೆ ತೂಗಿದ್ದೆ. ದೇವರನ್ನು ಯಾಕೆ ಹೊತ್ತು ತಂದೆ ಎಂದು ಯಾರೂ ಕೇಳಲಿಲ್ಲ.

ಅಲ್ಲಿ ಕೂಲಿಯವರ ಮೇಲೆ ನಿಗಾ ಇಡುವವಳು ನರಸಮ್ಮ ಎಂಬವಳು. ನಾಲ್ಕನೆಯ ದಿನ ಬೆಳಿಗ್ಗೆ ಮಂಜುಳಳ ಲಂಗದ ಹಿಂಭಾಗ ನೋಡಿ ಅವಳು ಹೊಲದ ನಡುವಿನಿಂದಲೇ ಕೂಗಿದಳು.

"ಏ ಹುಡುಗಿ, ಹೊರಗ ನಡಿ. ಹೊರಗಿನಾಕಿ ಹೂವ ಮುಟ್ಟಿದ್ರ ಕಾಯಿ ಉದುರ್ತಾವ. ಸಾವ್ಕಾರ ನನ್ನ ಕೊಲ್ತಾನ."

ತಿಂಗಳಾದವಳು ಮುಟ್ಟಿದರೆ ಹತ್ತಿಯ ಕಾಯಿ ಉದುರುತ್ತದೆ ಎಂಬುದು ಅಲ್ಲಿನ ನಂಬಿಕೆ. ಹಾಗಾದರೆ ಔಷಧಿ ಹೊಡೆಯಲು, ಕಸ ಕೀಳಲು ಯಾರು ಹೋಗುತ್ತಿದ್ದರು? ಆ ಹೊಲದಲ್ಲಿದ್ದವರೆಲ್ಲ ಹೆಂಗಸರೇ. ಕೇಳಬಹುದಿತ್ತು. ಕೇಳಲಿಲ್ಲ. ಮಂಜುಳ ಇಡೀ ದಿನ ಒಡ್ಡಿನ ಮೇಲೆ, ನೆರಳಿಲ್ಲದ ಕಡೆ, ಮೊಣಕಾಲಿಗೆ ಗದ್ದ ಊರಿ ಕೂತಳು.

ಸಂಜೆ ಗದ್ವಾಲದ ಬಸ್ಸು ಹಾರ್ನ್ ಹೊಡೆಯಿತು. ನಾನು ಕಂಬದ ಹತ್ತಿರ ಹೋಗಿ ನನ್ನ ಗೋಳಿ ನುಂಗಿದೆ. ಮಂಜುಳ ಗುಡಿಸಿಲ ಹೊರಗೆ ಕಲ್ಲಿನ ಮೇಲೆ ಕೂತೇ ಇದ್ದಳು. ಊರಿನಲ್ಲಾಗಿದ್ದರೆ ನಾನು ಏನೂ ಕೇಳುತ್ತಿರಲಿಲ್ಲ. ಹೊರಗಿರುವ ಹುಡುಗಿಗೆ ಭಂಡಾರ ಹಚ್ಚಿಕೊಂಡೆಯಾ ಎಂದು ಕೇಳಿದರೆ ಈರಮ್ಮ ಮನೆ ತೊಳೆಸಿ, ನನ್ನನ್ನೂ ತೊಳೆಸುತ್ತಿದ್ದಳು. ಅದಕ್ಕೇ ಆ ಐದು ದಿನ, ಎದುರಿಗೆ ನಿಂತು ನುಂಗಿಸಿದ ಮಳೆಗಾಲದಲ್ಲೂ, ನಾನು ಸುಮ್ಮನಿರುತ್ತಿದ್ದೆ. ಹುಷಾರಿ ಹುಡುಗಿ, ಮೊದಲೇ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲಿ ಈರಮ್ಮ ಇರಲಿಲ್ಲ. ಕೇಳಿದೆ.

"ಗೋಳಿ ತಗೊಂಡ್ಯಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹೊರಗ ಆಗೀನಲ್ಲವ್ವ."

"ಆದ್ರ?"

"ಚೀಲ ಹೆಂಗ ಮುಟ್ಟಲಿ?"

ನಾನು ಅವಳ ಎದುರಿಗೆ ಕುಕ್ಕರಿಸಿದೆ. "ಮತ್ತ ಇಷ್ಟ ದಿನ, ಹೊರಗಿದ್ದಾಗ?"

"ನೀ ಕೇಳ್ತಿದ್ದಿಲ್ಲಲ್ಲ," ಅಂದಳು. "ದಿನಾ ಕೇಳಾಕಿ, ಆ ಐದು ದಿನ ಕೇಳ್ತಿದ್ದಿಲ್ಲ. ಅದಕ್ಕೂ ಮೈಲಿಗಿ ಐತಿ ಅನ್ಕೊಂಡೆ."

"ಉಳಿದ ಗೋಳಿ?"

"ಐದನೇ ದಿನ ತಲಿಮ್ಯಾಲ ನೀರ್ ಹಾಕ್ಕೊಂಡ ಮ್ಯಾಲ ಹತ್ತು ಎಣಿಸಿ ತಗದು ಕುರಿ ದೊಡ್ಡಿ ಹಿಕ್ಕ್ಯಾಗ ತುಳದುಬಿಡ್ತಿದ್ದೆ. ಗೋಳಿ ಉಳದ್ರ ಆ ಎಣಿಸೋ ಸಾರು ಬೈತಾನಲ್ಲ."

ಅವಳು ದೊಡ್ಡವಳಾಗಿ ಒಂದೂವರೆ ವರ್ಷವಾಗಿತ್ತು. ತಿಂಗಳಿಗೆ ಐದು ದಿನ. ಹಾಗೆ ಬಿಟ್ಟು ಬಿಟ್ಟು, ರೋಗಕ್ಕೆ ನಾವೇ ಶಾಲೆ ನಡೆಸಿದ್ದೆವು.

ಮೂವತ್ತೆರಡಕ್ಕೇ ನನ್ನ ಗರ್ಭಚೀಲ ತೆಗೆದುಹಾಕಿದ್ದರು. ನಮ್ಮ ಕಡೆ ಹೊಟ್ಟೆನೋವು ಎಂದು ಹೋದವಳನ್ನು ಅದಿಲ್ಲದೆಯೇ ಮನೆಗೆ ಕಳಿಸುತ್ತಾರೆ. ಹಾಗಾಗಿ ನನಗೆ ತಿಂಗಳ ಮೂವತ್ತು ದಿನವೂ ಆ ಚೀಲ ಮುಟ್ಟಲು ಅಡ್ಡಿಯಿರಲಿಲ್ಲ. ನನ್ನ ಮೈ ಮರೆತದ್ದನ್ನು ತಲೆಯೂ ಮರೆಯಿತು. ಗೋಳಿಗೆ ಈರಮ್ಮನ ಕೈ ತಾಗದ ಜಾಗ ಹುಡುಕಿದೆ, ಅದು ಮಗಳ ಕೈಗೂ ತಾಗದ ಜಾಗವಾಗಿತ್ತು.

ಆವತ್ತೇ ಬಾಟಲಿ ಹೊರತೆಗೆದು ಅವಳ ಅಂಗೈಗೆ ಗೋಳಿ ಹಾಕಿದೆ. ತಗೋ ಅಂದೆ. ಅವಳು ಹೆದರಿ ಮೊದಲು ಆಕಾಶ ನೋಡಿದಳು, ಆಮೇಲೆ ನುಂಗಿದಳು. ಆಕಾಶದಿಂದ ಏನೂ ಬೀಳಲಿಲ್ಲ. ಮಾರನೆಯ ದಿನ ನರಸಮ್ಮನ ಹತ್ತಿಯ ಕಾಯಿಯೂ ಉದುರಲಿಲ್ಲ.

ಇನ್ನು ದವಾಖಾನೆಯಲ್ಲಿ ಹೇಳಬೇಕಿತ್ತು. ಹೇಳದಿದ್ದರೆ ಔಷಧ ಬದಲಿಸುವುದಿಲ್ಲ, ಮಗು ಉಳಿಯುವುದಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಬೇಕಾದರೆ ಮೊದಲು ಆ ಸಲಹೆಗಾರನಿಗೆ ಹೇಳಬೇಕು. ಗಂಡಸು, ಹೆಚ್ಚೆಂದರೆ ಇಪ್ಪತ್ತೈದು ವರ್ಷ. ನಾನು ನನ್ನ ಗಂಡನ ಎದುರಿಗೂ ಆ ಮಾತು ಆಡಿದವಳಲ್ಲ. ಬಸ್ಸಿನಲ್ಲಿ ತೆಲುಗಿನಲ್ಲಿ ಜೋಡಿಸಿಕೊಂಡೆ, ಹತ್ತು ಸಲ ಬಾಯೊಳಗೇ ಹೇಳಿಕೊಂಡೆ. ಅವನ ಮೇಜಿನ ಮುಂದೆ ನಿಂತು, ನೆಲ ನೋಡುತ್ತಾ ಹೇಳಿದೆ: "ಸಾರ್, ಪಾಪ ನೆಲಕು ಐದು ರೋಜುಲು ಬಯಟ ಉಂಟದಿ." ತಿಂಗಳಿಗೆ ಐದು ದಿನ ಹೊರಗಿರುತ್ತಾಳೆ ಎಂದು.

"ಹೊರಗೆ ಅಂದರೆ ಎಲ್ಲಿ? ಹಾಸ್ಟೆಲಾ?" ಎಂದ ತೆಲುಗಿನಲ್ಲಿ.

"ಇಲ್ಲ ಸಾರ್. ಹೊರಗ."

"ಈಗಲೂ ಹೊರಗಿದ್ದಾಳಾ? ಒಳಗೆ ಕರೀಬಾರದಾ?" ಎಂದು ಎದ್ದು ಬಾಗಿಲವರೆಗೂ ಹೋಗಿ ಇಣುಕಿದ. ಮಂಜುಳ ನನ್ನ ಪಕ್ಕದಲ್ಲೇ ನಿಂತಿದ್ದಳು. ವಾಪಸ್ಸು ಬಂದು ಕೂತು, "ಊರಿಗೆ ಹೋಗುವಾಗ ಬಾಟಲಿ ಜೊತೆಯಲ್ಲಿ ಒಯ್ಯಬೇಕು, ಪ್ರಯಾಣದಲ್ಲಿ ಮರೆಯಬಾರದು" ಎಂದು ಬರೆದುಕೊಂಡ.

ನನ್ನ ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿ ತಂದಿದ್ದೆ. ಅದನ್ನು ಅವನು ಬಸ್ ಪ್ರಯಾಣ ಮಾಡಿಬಿಟ್ಟ. ಅಷ್ಟು ಓದಿದವನಿಗೆ, ಸಾಲಿನ ಅರ್ಧಕ್ಕರ್ಧ ಹೆಂಗಸರೇ ಇರುವ ಕೋಣೆಯಲ್ಲಿ ದಿನಾ ಕೂರುವವನಿಗೆ, ಹೊರಗೆ ಎಂದರೆ ಏನೆಂದು ಯಾರೂ ಕಲಿಸಿರಲಿಲ್ಲ. ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಆಯಮ್ಮ ಕೋಲು ಗೋಡೆಗೆ ಒರಗಿಸಿ ನಕ್ಕಳು.

"ಅಯ್ಯ ಸಾರೂ, ನಿಮ್ ಮನ್ಯಾಗ ಅಕ್ಕ ತಂಗಿ ಇಲ್ಲೇನ್ರಿ? ಮುಟ್ಟಾಗ್ತಾಳಂತ್ರಿ ಹುಡುಗಿ. ಮುಟ್ಟು, ಮುಟ್ಟು."

ಸಾಲು ಪೂರ್ತಿ ಕೇಳಿತು. ಆ ಮುದುಕನೂ ಕೇಳಿದ. ಸಲಹೆಗಾರನ ಕಿವಿ ಕೆಂಪಾಯಿತು. ನನ್ನ ಕಿವಿ ಕೆಂಪಾಗಲಿಲ್ಲ. ಮಾತು ಹೊರಬಿದ್ದಿತ್ತು, ನಾನು ಸತ್ತಿರಲಿಲ್ಲ. ಇಷ್ಟೇನಾ ಅನ್ನಿಸಿತು. ಇಷ್ಟಕ್ಕಾಗಿ ಒಂದೂವರೆ ವರ್ಷ ಮಗಳನ್ನು ಹುಳಕ್ಕೆ ಮೇಯಿಸಿದೆನಾ?

ಡಾಕ್ಟರಮ್ಮ ಎಲ್ಲ ಕೇಳಿ, ಮೂರು ತಿಂಗಳು ಒಂದೂ ತಪ್ಪದೆ ನುಂಗಿಸು, ಮತ್ತೆ ನೋಡೋಣ ಅಂದರು. ನುಂಗಿಸಿದೆ. ಪ್ರಯೋಜನವಾಗಲಿಲ್ಲ. ರೋಗ ಆ ಔಷಧವನ್ನು ಕಲಿತು ಮುಗಿಸಿತ್ತು. ಹೈದರಾಬಾದಿನಿಂದ ಒಪ್ಪಿಗೆ ಬಂದು ಹೊಸ ಗೋಳಿ ಕೊಟ್ಟರು. ಉದ್ದನೆಯವು, ಹುಣಸೆಬೀಜದ ಹಾಗಿನವು, ಬೆಳಿಗ್ಗೆ ಸಂಜೆ ಎರಡೆರಡು, ಜೊತೆಗೆ ಇನ್ನೊಂದು. ಮೊದಲ ತಿಂಗಳು ನುಂಗಿದ ಅರ್ಧ ಗಂಟೆಗೆ ಚೆಂಬು ಹಿಡಿದು ಬಯಲಿಗೆ ಓಡುತ್ತಿದ್ದಳು. ಇದು ಕೆಟ್ಟರೆ ಮುಂದೆ ಏನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೊಸ ಗೋಳಿ ಬಂದ ಮೂರನೆಯ ವಾರ ಅವಳು ಹೊರಗಾದಳು. ಈರಮ್ಮ ಎಂದಿನಂತೆ ಕುರಿದೊಡ್ಡಿಯ ಪಕ್ಕದ ಚಪ್ಪರದಲ್ಲಿ ಕೂರಿಸಿ, ದೂರದಿಂದ ರೊಟ್ಟಿ ಎಸೆದಳು. ಹಾಲಿನ ಗಾಡಿ ಬಂತು. ನಾನು ದೇವರ ಮೂಲೆಗೆ ಹೋಗಿ, ಬಾಟಲಿಯನ್ನಲ್ಲ, ಚೀಲವನ್ನೇ ಗೂಟದಿಂದ ಇಳಿಸಿ, ಅಂಗಳ ದಾಟಿ, ಚಪ್ಪರದ ಕಂಬಕ್ಕೆ, ಮಂಜುಳಳ ಕೈಗೆಟುಕುವ ಹಾಗೆ ತೂಗಿದೆ. ಬಾಟಲಿಯನ್ನು ಬಚ್ಚಿಟ್ಟು ಕೊಡಬಹುದಿತ್ತು. ಬಚ್ಚಿಟ್ಟು ಸಾಕಾಗಿತ್ತು.

"ಏನ್ ಮಾಡಾಕತ್ತಿ ಹುಚ್ಚಿ?" ಈರಮ್ಮ ಓಡಿ ಬಂದಳು. "ಹೊರಗಿನಾಕಿ ಹತ್ರ ಭಂಡಾರ? ಮನಿ ಉರದು ಹೋಗ್ತದ."

ಮಂಜುಳ ಚೀಲಕ್ಕೆ ಕೈ ಹಾಕಿ, ಬಾಟಲಿ ತೆಗೆದು, ಈರಮ್ಮನ ಎದುರಿಗೇ ಒಂದೊಂದಾಗಿ ನುಂಗಿದಳು. ಈರಮ್ಮನಿಗೆ ಓದಲು ಬಾರದಿದ್ದರೂ ಲೆಕ್ಕ ಬರುತ್ತಿತ್ತು. ತಮ್ಮನ ಸಾವು, ನನ್ನ ಬಸ್ಸಿನ ತಿರುಗಾಟ, ಹುಡುಗಿಯ ಜ್ವರ, ಎಲ್ಲ ಒಮ್ಮೆಗೇ ಅವಳ ಮುಖದಲ್ಲಿ ಕೂಡಿತು.

"ಅದೇ ರೋಗ ಏನ?" ಅಂದಳು. "ನನ್ ತಾಟಿನ್ಯಾಗ ಉಂಡೀರಿ ನೀವು."

"ಚೀಲ ನಂದು," ಅಂದೆ. "ಮಗಳು ನಂದು." ಇನ್ನೂ ಬಹಳ ಹೇಳಬೇಕೆಂದಿದ್ದೆ, ಬರಲಿಲ್ಲ. ಅದನ್ನೆಲ್ಲ ಈಗ ಬರೆಯುತ್ತಿದ್ದೇನೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಾವು ಉಂಡ ತಾಟುಗಳನ್ನು ಈರಮ್ಮ ತಿಪ್ಪೆಗೆ ಎಸೆದಳು. ಸ್ಟೀಲಿನ ಕೊಡ ಎಸೆಯಲು ಮನಸ್ಸು ಬರಲಿಲ್ಲ, ಅವುಗಳನ್ನು ನಾನೇ ಎತ್ತಿಕೊಂಡೆ. ಲಾಡು ಹಂಚಿದ ಸರಪಂಚನ ತಮ್ಮ ನಮ್ಮನ್ನು ನೋಡಿ ಟ್ರ್ಯಾಕ್ಟರನ್ನು ಬೇರೆ ದಾರಿಗೆ ತಿರುಗಿಸಿದ. ನಮ್ಮ ರಾಜ್ಯ ನಮಗೆ ಬಂದಿತ್ತಲ್ಲ, ನಾವು ಮಾತ್ರ ಅದರ ಲೆಕ್ಕದಲ್ಲಿರಲಿಲ್ಲ. ಐದನೆಯ ದಿನಕ್ಕೆ ಕಾಯದೆ ಎರಡನೆಯ ದಿನವೇ ನಾರಾಯಣಪೇಟೆಗೆ ಬಂದು, ಸೀರೆ ನೇಯುವವರ ಮನೆಯಲ್ಲಿ ನೂಲು ಸುತ್ತುವ ಕೆಲಸ ಹಿಡಿದೆ. ಬಸ್ಸಿನಲ್ಲಿ ಭಂಡಾರದ ಚೀಲ ಮಂಜುಳಳ ತೊಡೆಯ ಮೇಲಿತ್ತು.

ಆರು ತಿಂಗಳ ಮೇಲೆ ಮತ್ತೆ ರಕ್ತ ಕಳಿಸಿದರು. ಡಾಕ್ಟರಮ್ಮ ಕಾಗದ ನೋಡಿ, "ಹುಳ ಕಾಣವಲ್ದು" ಅಂದರು. ಸಲಹೆಗಾರ ಚಪ್ಪಾಳೆ ಹೊಡೆಯಲು ಕೈ ಎತ್ತಿದವನು ನನ್ನ ಮುಖ ನೋಡಿ ಇಳಿಸಿದ. ಆಮೇಲೆ ಅವನು ಹುಡುಗಿಯರನ್ನೆಲ್ಲ ಆ ಐದು ದಿನದ ಬಗ್ಗೆ ಕೇಳಲು ಶುರು ಮಾಡಿದನಂತೆ. ಆಯಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಅಷ್ಟರಮಟ್ಟಿಗೆ ಅವನಿಗೆ ಮಾಫಿ.

ಈಚೆಗೆ ಔಷಧ ಮತ್ತೆ ಬದಲಾಗಿದೆ. ನಿಮ್ಮ ಅವ್ವ ಈಗ ದಿನಕ್ಕೊಂದು ಗೋಳಿ ನುಂಗುತ್ತಾಳೆ, ನಾನೂ ಅಷ್ಟೆ. ನಿಮ್ಮ ಅಪ್ಪನಿಗೆ ಮದುವೆಗೆ ಮುಂಚೆಯೇ ಎಲ್ಲ ಗೊತ್ತು. ನೀವಿಬ್ಬರೂ ಹುಟ್ಟಿದಾಗ ಒಂದೂವರೆ ವರ್ಷದವರೆಗೆ ರಕ್ತ ನೋಡಿದರು. ನಿಮಗೆ ಏನೂ ಇಲ್ಲ. ಈರಮ್ಮ ಹೋದ ವರ್ಷ ಸತ್ತಳು. ಹೋಗಲಿಲ್ಲ ನಾನು.

ಈ ಹಾಳೆಗಳನ್ನು ಜೋಪಾನವಾಗಿ ಇಡಿ. ಆದರೆ ದೇವರ ಮೂಲೆಯಲ್ಲಿ ಇಡಬೇಡಿ. ಹಾಸಿನಿಯ ಕೈಗೆ ತಿಂಗಳ ಮೂವತ್ತು ದಿನವೂ ಸಿಗುವ ಕಡೆ ಇಡಿ.